ತಗಡಿನ ಮೇಲಿನ ಸೆಲ್ಲುಗಳು

ಲುಯಾಂಡೊನ ಅಮ್ಮಾ,

ಬೆಳಗಿನ ವಾರ್ತೆ ಮುಗಿದ ಮೇಲೆ ಬಿಸಿಲಿಗೆ ಚೇತರಿಸಿಕೊಳ್ಳಲಿ ಎಂದು ನೀನು ತಗಡಿನ ಮೇಲಿಟ್ಟಿದ್ದ ರೇಡಿಯೊ ಸೆಲ್ಲುಗಳನ್ನು ನಿನ್ನೆ ಶಾಲೆಗೆ ಒಯ್ದವನು ನಾನೇ. ಪಕ್ಕದ ಮನೆಯವರನ್ನು ಬೈಯಬೇಡ. ಜೊತೆಗೆ ಒಯ್ದಿದ್ದ ಉಪ್ಪು, ಸಕ್ಕರೆ ಒಲೆಯ ಹಿಂದಿವೆ. ಯಾವುದು ಯಾವುದೆಂದು ನೆಕ್ಕಿ ನೋಡಿ ಸೊಪ್ಪಿಗೆ ಹಾಕು.

ಉಪ್ಪಿನದು ಅಯಾನಿಕ ಬಂಧ, ಅದರ ನೀರಲ್ಲಿ ವಿದ್ಯುತ್ ಹರಿದು ಬಲ್ಬು ಉರಿಯುತ್ತದೆ. ಸಕ್ಕರೆಯದು ಸಹವೇಲೆನ್ಸೀಯ ಬಂಧ, ಉರಿಯುವುದಿಲ್ಲ. ಬರೀ ಬಾಯಲ್ಲಿ ಹೇಳಿದ್ದನ್ನು ಪರೀಕ್ಷೆಗೆ ಮುಂಚೆ ಒಮ್ಮೆಯಾದರೂ ಕಣ್ಣಾರೆ ತೋರಿಸೋಣ ಎಂದುಕೊಂಡೆ. ಸಕ್ಕರೆ ನೀರಲ್ಲಿ ಬಲ್ಬು ಉರಿಯಲಿಲ್ಲ, ಮಕ್ಕಳು ಚಪ್ಪಾಳೆ ತಟ್ಟಿದರು. ಉಪ್ಪು ನೀರಲ್ಲೂ ಉರಿಯಲಿಲ್ಲ. ಆ ಸೆಲ್ಲುಗಳಿಗೆ ರೇಡಿಯೊ ಪಿಸುಗುಟ್ಟಿಸುವಷ್ಟೇ ಕಸುವು.

"ಸೆಲ್ಲು ಸತ್ತಿದೆ" ಎಂದೆ.

ನಮ್ಮಲ್ಲಿ ನೀರಿಗೆ ಬರುವ ಚೋಲ್ವೆ ಎದ್ದು ನಿಂತಳು. "ಇಲ್ಲ ಸರ್, ಬೆಳಿಗ್ಗೆ ನಿಮ್ಮನೇಲಿ ಇದೇ ಸೆಲ್ಲಲ್ಲಿ ಲುಸಾಕ ವಾರ್ತೆ ಬರ್ತಿತ್ತು, ನಾನೇ ಕೇಳಿದ್ದೀನಿ. ಹಂಗಾದ್ರೆ ಉಪ್ಪೂ ಸಕ್ಕರೆ ಥರಾನೇ ಅಲ್ವಾ?"

ಇಡೀ ತರಗತಿ ಹಾಗೆಯೇ ಬರೆದುಕೊಂಡಿತು. ನಾನು ಎಷ್ಟು ಬಡಿದುಕೊಂಡರೂ ಅಳಿಸಲಿಲ್ಲ.

ಇವತ್ತೇ ಪರೀಕ್ಷೆ. ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳಬೇಕೆಂದು ಬೇಗ ಹೊರಟಿದ್ದೇನೆ. ನನ್ನ ಪಾಲಿನ ಗಂಜಿಯನ್ನು ಲುಯಾಂಡೊಗೆ ಕೊಡು. ಸೆಲ್ಲುಗಳು ಮತ್ತೆ ತಗಡಿನ ಮೇಲಿವೆ, ಮಧ್ಯಾಹ್ನ ಹಾಡು ಕೇಳು.

ಇಷ್ಟು ವರ್ಷ ನಾನು ಹೇಳಿಕೊಟ್ಟದ್ದು ಒಂದೇ ಮಾತು: "ಪುಸ್ತಕದಲ್ಲಿ ಏನಾದ್ರೂ ಇರ್ಲಿ, ಕಣ್ಣಿಂದ ನೋಡಿದ್ದನ್ನ ಬರೀರಿ." ಈಗ ಹೋಗಿ, ನೋಡಿದ್ದನ್ನು ಮರೆತುಬಿಡಿ ಎನ್ನಬೇಕು. ಅವರು ಕೇಳುವುದಿಲ್ಲ. ಅಷ್ಟು ಚೆನ್ನಾಗಿ ಕಲಿಸಿಬಿಟ್ಟಿದ್ದೇನೆ.