ರೆಕಾರ್ಡ್ ಆಗದೇ ಹೋದ ನಿನ್ನ ಹಾಡು

ಗಿರಿಜಕ್ಕಾ,

ಇವತ್ತು ಬೆಳಿಗ್ಗೆಯೂ ನೀನು ನಮ್ಮ ಬೀದಿಗೆ ಬಂದಿದ್ದೆ. ನಾನು ಹಲ್ಲುಜ್ಜುತ್ತಿದ್ದೆ. ಮೂಲೆಯ ಕ್ಲಿನಿಕ್ ಹತ್ತಿರ ಮೊದಲು ಸಣ್ಣಗೆ, ಆಮೇಲೆ ನಮ್ಮ ಗೇಟಿನ ಮುಂದೆ ಜೋರಾಗಿ: "ಈರುಳ್ಳೀ... ಆಲೂಗಡ್ಡೇ... ಮನೆ ಮುಂದೇನೇ ಬಂದಿದೆ, ಬನ್ನಿ ಅಮ್ಮಾ!" ಹೊಟ್ಟೆಪಾಡಿಗೆ ನೀನು ಗೂಡ್ಸ್ ಆಟೋಗಳ ಮೈಕಿಗೆ ದನಿ ಕೊಡುತ್ತಿದ್ದೆಯಲ್ಲ, ಅದು. ನೀನು ಹೋಗಿ ಎರಡು ತಿಂಗಳಾಗುತ್ತಾ ಬಂತು. ಈರುಳ್ಳಿ ಗಾಡಿಯ ಮುನಿರಾಜಣ್ಣ ಇನ್ನೂ ಅದನ್ನು ಬದಲಾಯಿಸಿಲ್ಲ. ಅದರಲ್ಲಿ ನೀನು ಕೂಗುವ ರೇಟು ಹಳೆಯದು. ಎದುರುಮನೆ ಆಂಟಿ ಮೊನ್ನೆ ಜಗಳಕ್ಕೇ ನಿಂತರು.

"ಮೈಕಲ್ಲಿ ಒಂದ್ ರೇಟು, ನಿನ್ ಬಾಯಲ್ಲಿ ಒಂದ್ ರೇಟಾ?"

"ಏನ್ ಮಾಡ್ಲಿ ಆಂಟಿ? ಆ ಹುಡುಗಿ ಬಾಯಿ ಮುಚ್ಸಕ್ಕೆ ನನ್ ಕೈಲಿ ಆಗ್ತಿಲ್ಲ."

ಅತ್ತಿಗುಪ್ಪೆ ಮೆಟ್ರೋ ಪಕ್ಕದ ನಮ್ಮ ಜೆರಾಕ್ಸ್ ಅಂಗಡಿಗೆ ನೀನು ಮೊದಲ ಸಲ ಬಂದ ಮಧ್ಯಾಹ್ನ ನಿನಗೆ ನೆನಪಿದೆಯಾ? ಕೈಯಲ್ಲಿ ನೀನೇ ಬರೆದ ಪೋಸ್ಟರು: 'ಫ್ಯೂಸ್ ಹೋಯ್ತು, ಕನ್ನಡ ಪಂಕ್ ಬ್ಯಾಂಡ್'. ನಾನು ಎಂದಿನಂತೆ ಮಷೀನಿನ ಮೇಲೆ ಬೆರಳು ಕುಟ್ಟುತ್ತಿದ್ದೆ.

"ಆ ಕೈ ಸುಮ್ನೆ ಇರಲ್ವೇನೇ? ಸ್ಕೂಲಿಗೆ ಹೋಗಲ್ವಾ?"

"ಬಿಟ್ಟೆ. ಒಂದ್ ಕಡೆ ಕೂರಕ್ಕೆ ಆಗ್ಲಿಲ್ಲ."

"ಒಳ್ಳೇದೇ ಆಯ್ತು. ನಮ್ಮಲ್ಲಿ ಯಾರೂ ಕೂರಲ್ಲ."

ಆ ಭಾನುವಾರವೇ ನನ್ನನ್ನು ಡ್ರಮ್ಸ್ ಹಿಂದೆ ಕೂರಿಸಿದೆ. ಸುಳ್ಳಿ.

ನಿನ್ನ ಕಥೆಯನ್ನು ನೀನು ಹೇಳಿದ್ದು ತುಂಡು ತುಂಡಾಗಿ, ಟೀ ಕುಡಿಯುವಾಗ. ದಾವಣಗೆರೆ ಕಡೆಯಿಂದ ಬಂದ ನಿಮ್ಮಮ್ಮ ಬಸವೇಶ್ವರನಗರದ ಹೆಂಗಸರಿಗೆ ವಚನ ಹಾಡುವುದನ್ನು ಕಲಿಸುತ್ತಿದ್ದರು. ಏಳು ವರ್ಷದ ನೀನು ಮುಂದಿನ ಸಾಲಿನಲ್ಲಿ. ದೊಡ್ಡವಳಾದ ಮೇಲೆ ಮದುವೆ ಆರ್ಕೆಸ್ಟ್ರಾ. ವಿಜಯನಗರದ ಯಾವುದೋ ರಿಸೆಪ್ಷನ್ನಿನಲ್ಲಿ ಆರ್ಕೆಸ್ಟ್ರಾದ ಓನರ್ "ಸ್ವಲ್ಪ ನಗ್ತಾ ಹಾಡಮ್ಮಾ" ಎಂದು ನಾಲ್ಕನೇ ಸಲ ಹೇಳಿದಾಗ, ನೀನು ಮೈಕಿಗೆ ಬಾಯಿಟ್ಟು ಉಸಿರು ಮುಗಿಯುವ ತನಕ ಅರಚಿದೆಯಂತೆ. ಮದುಮಗನ ಕೈಯಲ್ಲಿದ್ದ ಐಸ್‌ಕ್ರೀಂ ಬಿತ್ತಂತೆ. "ಆ ಸದ್ದು ನನ್ನೊಳಗೆ ಎಲ್ಲಿತ್ತೋ, ನಂಗೇ ಗೊತ್ತಿರ್ಲಿಲ್ಲ ಕಣೇ," ಎಂದಿದ್ದೆ ನೀನು. ಅಲ್ಲಿಂದ ಇಳಿದುಬಂದವಳು ಮತ್ತೆ ಆರ್ಕೆಸ್ಟ್ರಾ ಹತ್ತಲಿಲ್ಲ. ಪಂಕ್ ಅಂದರೇನು ಎಂದು ನಾನು ಕೇಳಿದ್ದಕ್ಕೆ "ಮದುವೆ ಮನೇಲಿ ಹಾಡಬಾರದ್ದೆಲ್ಲಾ" ಎಂದೆ. ನಿಮ್ಮಮ್ಮ ಅದನ್ನು ಕಿರುಚಾಟ ಎಂದರು. ಒಂದು ದಿನವೂ ಕೇಳಲು ಬರಲಿಲ್ಲ.

ಪ್ರತಿ ಕಾರ್ಯಕ್ರಮಕ್ಕೂ ಬಾಗಿಲಲ್ಲಿ ಒಂದು ಟೊಮೇಟೊ ಕ್ರೇಟ್ ಇಡುತ್ತಿದ್ದೆವಲ್ಲ. ನಮ್ಮ ಗಿಟಾರಿನ ನವೀನನ ಮಾವನಿಗೆ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡಿತ್ತು, ಭಾನುವಾರ ಖಾಲಿ. ಹೆಚ್ಚಿನ ಕಾರ್ಯಕ್ರಮ ಅಲ್ಲೇ. ಬಂದವರು ಫೋನನ್ನು ಕ್ರೇಟಿಗೆ ಹಾಕಿಯೇ ಒಳಗೆ ಬರಬೇಕು. "ಕೇಳ್ಬೇಕು ಅನ್ನೋರು ಬಂದು ಕೇಳ್ಲಿ. ಬೆವರು ರೆಕಾರ್ಡ್ ಆಗಲ್ಲ," ಎನ್ನುತ್ತಿದ್ದೆ ನೀನು. ಎಷ್ಟು ಚೆನ್ನಾಗಿತ್ತು ಆ ಮಾತು! ಈಗ ನಿನ್ನ ಒಂದು ಹಾಡೂ ಎಲ್ಲೂ ಉಳಿದಿಲ್ಲ. ಉಳಿದಿರುವುದು ಈರುಳ್ಳಿ, ಆಲೂಗಡ್ಡೆ.

ಕೆಂಗೇರಿ ಉಪನಗರದ ತಾರಸಿಯೊಂದರ ಮೇಲೆ ನಾವು ಹಾಡಿದ ಆ ಸಂಜೆಯ ಬಗ್ಗೆ ಈಗ ಬರೆಯಲೇಬೇಕು. ಕೊನೆಯ ಹಾಡಿಗೆ ಮೊದಲು ನೀನು ನನ್ನ ಬಳಿ ಬಗ್ಗಿದೆ. ನಿನ್ನ ಕೈ ಬಿಸಿಯಾಗಿತ್ತು, ಹಾಡಿದ ಬಿಸಿ ಎಂದುಕೊಂಡೆ. "ಇದೊಂದು ರೆಕಾರ್ಡ್ ಮಾಡೇ. ಅಮ್ಮನಿಗೆ ಕೇಳಿಸ್ಬೇಕು." ನಾನು ಕ್ರೇಟಿನಿಂದ ಫೋನ್ ತಂದು ಒತ್ತಿದೆ. ಜಾಗ ಇಲ್ಲ ಎಂದಿತು. ಏನಾದರೂ ಅಳಿಸಬೇಕಿತ್ತು, ಎರಡು ನಿಮಿಷದ ಕೆಲಸ. ನವೀನ ಆಗಲೇ ಶುರು ಮಾಡಿಬಿಟ್ಟ. ನಾನು ಫೋನನ್ನು ನೆಲಕ್ಕಿಟ್ಟು ಕೋಲು ಎತ್ತಿಕೊಂಡೆ. ಹಾಡು ಮುಗಿದ ಮೇಲೆ ನೀನು "ಬಂತಾ?" ಎಂದೆ. ನಿನ್ನ ಮುಖ ಹಾಗಿತ್ತು, ಅಕ್ಕ. ಆ ಮುಖಕ್ಕೆ ಇಲ್ಲ ಎನ್ನಲು ಯಾರಿಗೆ...

"ಬಂತು," ಎಂದೆ ನಾನು.

ಆರನೇ ದಿನ ಡೆಂಗಿ ನಿನ್ನನ್ನು ಮುಗಿಸಿತು. ನಮ್ಮ ಕಡೆ ಸುಡುತ್ತಾರೆ. ನಿಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ, ಕಾಲು ಮಡಚಿ ಕೂತ ನೀನು. ಒಂದು ಹಾಡನ್ನಾದರೂ ಕೂತು ಹಾಡಿದವಳಾ ನೀನು? ಮಣ್ಣು ಭುಜದವರೆಗೆ ಬಂದಾಗ ನವೀನ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ನಾನು ಕೆಳಗಿಳಿದು ನಿನ್ನನ್ನು ಎಬ್ಬಿಸುತ್ತೇನೆ ಎಂದುಕೊಂಡನೇನೋ. ಇರಬಹುದು.

ಹೋದ ತಿಂಗಳು ನಿಮ್ಮಮ್ಮ ನನ್ನನ್ನು ಮನೆಗೆ ಕರೆಸಿದರು. ಅವರು ದಿನಾ ಬೆಳಿಗ್ಗೆ ಗೇಟಿನಲ್ಲಿ ಮುನಿರಾಜಣ್ಣನ ಗಾಡಿಗೆ ಕಾಯುತ್ತಾರೆ. ನಿಲ್ಲಿಸಲು ಒಂದು ನೆಪ ಬೇಕಲ್ಲ, ದಿನಾ ಈರುಳ್ಳಿ ಕೊಳ್ಳುತ್ತಾರೆ. ಒಬ್ಬರೇ ಇರುವ ಮನೆ. ಅಡುಗೆ ಕಟ್ಟೆ, ಸೋಫಾ, ಹಾರ್ಮೋನಿಯಂ ಪೆಟ್ಟಿಗೆ, ಎಲ್ಲದರ ಮೇಲೂ ಮೊಳಕೆ ಬಂದ ಈರುಳ್ಳಿ.

"ಆಸ್ಪತ್ರೆಯಿಂದ ಫೋನ್ ಮಾಡಿದ್ಲು. ನಿಂಗೊಂದು ಹಾಡು ಕಟ್ಟಿದೀನಮ್ಮ, ಚೈತ್ರ ರೆಕಾರ್ಡ್ ಮಾಡಿದಾಳೆ, ತರ್ತೀನಿ ಅಂದ್ಲು. ತಂದಿದೀಯಾ?"

"ಫೋನ್ ರಿಪೇರಿಗೆ ಕೊಟ್ಟಿದೀನಿ ಆಂಟಿ."

ಅಷ್ಟು ಹೊತ್ತಿಗೆ ನನ್ನ ಜೇಬಿನಲ್ಲಿ ಫೋನ್ ಅದುರಿತು. ಅವರು ಕೇಳಿಸದವರ ಹಾಗೆ ಇದ್ದರು.

ನವೀನನಿಗೆ ಎಲ್ಲವನ್ನೂ ಹೇಳಿದೆ. "ತಲೆ ಕೆಡಿಸ್ಕೋಬೇಡ ಮಗಾ," ಎಂದ. "ಈರುಳ್ಳಿ ವಾಯ್ಸ್ ಇದೆಯಲ್ಲ, ಅದನ್ನ ಎಐ ಆ್ಯಪಿಗೆ ಹಾಕಿದ್ರೆ ಅವಳ ದನೀಲೇ ಹಾಡಿಸುತ್ತೆ. ಆ ಅಮ್ಮಂಗೆ ಏನ್ ಗೊತ್ತಾಗುತ್ತೆ?" ನಾನು ಬೇಡ ಎನ್ನಲಿಲ್ಲ. ಅದನ್ನೂ ಬರೆದುಬಿಡುತ್ತೇನೆ. ಶೆಡ್ಡಿನಲ್ಲಿ ಕೂತು ಕೇಳಿದೆವು. ನಿನ್ನದೇ ದನಿ, ನಿನ್ನದೇ ಸಾಲು. ಆದರೆ ಎಲ್ಲೂ ಗಂಟಲು ಒಡೆಯಲಿಲ್ಲ, ಎಲ್ಲೂ ಉಸಿರು ಸಾಲದೆ ಹೋಗಲಿಲ್ಲ. ನಗುತ್ತಾ ಹಾಡುತ್ತಿದ್ದೆ, ಅಕ್ಕ. ಆ ರಿಸೆಪ್ಷನ್ನಿನಲ್ಲಿ ಆರ್ಕೆಸ್ಟ್ರಾ ಓನರ್ ಕೇಳಿದ ಹಾಗೆಯೇ. ಮಣ್ಣಿನಲ್ಲಿ ಕೂತ ನಿನ್ನನ್ನು ಕಂಡಾಗಲೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ. ನವೀನನೇ ಅದನ್ನು ಅಳಿಸಿದ.

ಮರುದಿನ ಬೆಳಿಗ್ಗೆಯೇ ನಿಮ್ಮಮ್ಮನ ಮುಂದೆ ನಿಂತು ಎಲ್ಲಾ ಹೇಳಿದೆ. ರೆಕಾರ್ಡ್ ಆಗಲೇ ಇಲ್ಲ, ನಿನಗೆ ಸುಳ್ಳು ಹೇಳಿದೆ, ಅವರಿಗೂ ಸುಳ್ಳು ಹೇಳಿದೆ. ಅವರು ಸ್ಟವ್ ಆರಿಸಿದರು. ಬಯ್ಯಲಿ, ಹೊಡೆಯಲಿ ಎಂದುಕೊಂಡೆ.

"ಹಾಡು ಪೂರ್ತಿ ಬರುತ್ತಾ ನಿಂಗೆ?"

"ಬರುತ್ತೆ. ಆದ್ರೆ ಕಿರುಚ್ಬೇಕು ಆಂಟಿ."

"ಕಿರುಚು."

ನನ್ನ ದನಿ ಎಂಥದು ಎಂದು ನಿನಗೆ ಗೊತ್ತು. ಆ ಅಡುಗೆಮನೆಯಲ್ಲಿ, ಈರುಳ್ಳಿಗಳ ನಡುವೆ, ಪಾತ್ರೆ, ಕಟ್ಟೆ ಬಡಿಯುತ್ತಾ ಕಿರುಚಿದೆ. 'ತಾಳ ತಪ್ಪಿದಾಗ ತೊಡೆಗೆ ಬಿದ್ದ ಏಟು, ಅಮ್ಮಾ, ಅದೇ ಈಗ ನನ್ನ ಡ್ರಮ್ಮು, ಕೇಳು' ಎಂಬ ಸಾಲಿಗೆ ಬಂದಾಗ ಅವರು ಕೈಯೆತ್ತಿ ನಿಲ್ಲಿಸಿದರು. ಪಾಠ ಹೇಳುವವರ ಹಾಗೆ.

"ತೊಡೆಗಲ್ಲ. ಬೆನ್ನಿಗೆ."

ನನಗೆ ಅರ್ಥವಾಗಲಿಲ್ಲ.

"ತೊಡೆಗೆ ಅಂದ್ರೆ ತಾಳ ಹಾಕ್ದಂಗೆ ಆಗುತ್ತೆ. ನಾನು ತಾಳ ಹಾಕ್ಲಿಲ್ಲ. ಹೊಡೆದೆ. ಹಾರ್ಮೋನಿಯಂ ಪಕ್ಕದ ಕೋಲಲ್ಲಿ, ಬೆನ್ನಿಗೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ನನಗೆ ನೋವಾಗುತ್ತೆ ಅಂತ ಬದಲಾಯಿಸಿದಾಳೆ. ಊರೆಲ್ಲಾ ಕಿರುಚಿದವಳು, ನನ್ ಹತ್ರ ಮಾತ್ರ ಮೆತ್ತಗೆ. ಸರಿ ಮಾಡಿ ಹಾಡು. ಮೊದಲಿಂದ."

ಮೊದಲಿನಿಂದ ಹಾಡಿದೆ. ಅವರು ಕಣ್ಣು ಮುಚ್ಚಲಿಲ್ಲ, ಅಳಲೂ ಇಲ್ಲ. ನನ್ನ ಬಾಯನ್ನೇ ನೋಡುತ್ತಿದ್ದರು.

ನಿನಗೆ ತಿಳಿಯದ ಸುದ್ದಿ ಇದು. ಈ ಭಾನುವಾರ ಮಧ್ಯಾಹ್ನ ಶೆಡ್ಡಿನಲ್ಲಿ ನಾನು ನಿಂತು ಹಾಡುತ್ತೇನೆ. ನಿಮ್ಮಮ್ಮ ಬರುತ್ತೇನೆ ಎಂದಿದ್ದಾರೆ. ಆದರೆ ಅಭ್ಯಾಸದಲ್ಲಿ ಆ ಸಾಲು ಬಂದಾಗಲೆಲ್ಲಾ ನನ್ನ ಬೆನ್ನ ಹಿಂದೆ ಇನ್ನೊಂದು ದನಿ 'ತೊಡೆಗೆ' ಎನ್ನುತ್ತದೆ. ನವೀನನಿಗೂ ಕೇಳಿಸಿದೆ, ಅವನು ಒಪ್ಪಿಕೊಳ್ಳುವುದಿಲ್ಲ, ಅಷ್ಟೇ. ಅಕ್ಕ, ನೀನು ಎಷ್ಟು ಸಲ ಬೇಕಾದರೂ ಹೇಳಿಕೋ. ನಾನು 'ಬೆನ್ನಿಗೆ' ಎಂದೇ ಹಾಡುತ್ತೇನೆ. ನಿಮ್ಮಮ್ಮ ಎದುರಿಗೇ ಇರುತ್ತಾರೆ.

ಚೈತ್ರ