ಬಿಳಿ ಟೈರಿನ ತಿರುವು

ಹಳದಿ ಬಂಡೆ, ನವಾಹೋ ನಾಡು
ಅಕ್ಟೋಬರ್ ೨೩

ಮುದ್ದು ಡೆಜ್‌ಬಾ,

ಚೆನ್ನಾಗಿದ್ದೀಯಾ ಎಂದು ಕೇಳಿಯೇ ಶುರು ಮಾಡುತ್ತೇನೆ. ಬೇರೆ ಹೇಗೆ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಹನ್ನೊಂದು ದಿನ ಬರೆಯಲಿಲ್ಲವೆಂದು ಬೇಜಾರಾಗಬೇಡ. ನಿನ್ನನ್ನು ಹುಡುಕುವುದೇ ಆಯಿತು. ಇದನ್ನು ಅಂಗಡಿಯಲ್ಲಿರುವ ನಮ್ಮ ಅಂಚೆಪೆಟ್ಟಿಗೆಗೆ ಹಾಕುತ್ತೇನೆ. ಅದರ ಇನ್ನೊಂದು ಕೀಲಿ ನಿನ್ನ ಹತ್ತಿರವೇ ಇದೆಯಲ್ಲ.

ನಿನ್ನ ಕುರಿಗಳು ಆರಾಮಾಗಿವೆ. ಆ ಕುಂಟಿ ಮಾತ್ರ ನನ್ನನ್ನು ಕಂಡರೆ ಮೂತಿ ತಿರುಗಿಸುತ್ತದೆ, ನೀನೇ ಬರಬೇಕಂತೆ. ಯಾರ ಜೊತೆಗಿನ ಬಾಳು ಬೇಡವೆಂದು ನೀನು ಬಿಟ್ಟುಬಂದೆಯೋ ಆ ಡೆರಿಕ್‌ನ ಟ್ರಕ್ಕು ಪಟ್ಟಣದ ಹೊರಗೆ ಸಿಕ್ಕಿತು. ಒಳಗೆ ನಿನ್ನದೊಂದು ಬೂಟು ಇತ್ತು. ಅವನು ಸಿಕ್ಕಿಲ್ಲ.

ಮೊನ್ನೆ ಊಟಕ್ಕೆ ಕೂತಾಗ ನಿನ್ನ ಸೋದರಮಾವ ಲೀಲ್ಯಾಂಡ್ ನಿನ್ನ ಹೆಸರೆತ್ತದೆ "ಆ ಹುಡುಗಿ" ಅಂದ. ಸತ್ತವರ ಹೆಸರನ್ನಲ್ಲವೇ ನಾವು ಬಾಯಿಗೆ ತಾರದಿರುವುದು? ಮಾಂಸದ ಸಾರಿನ ಬಟ್ಟಲನ್ನು ಅವನ ಮುಂದಿನಿಂದ ಎತ್ತಿಬಿಟ್ಟೆ.

"ಹೆಸರು ಹೇಳೋ, ಆಮೇಲೆ ತಿನ್ನು."

ಅವನು ಎದ್ದು ಹೋದ. ಕುರಿದೊಡ್ಡಿಯಲ್ಲಿ ನಿಂತು ನಾನೊಬ್ಬಳೇ ನಿನ್ನ ಹೆಸರು ಕೂಗುತ್ತಿರುತ್ತೇನೆ, ಜನ ಹುಚ್ಚಿ ಅಂದರೂ ಸರಿ.

ನಿನ್ನೆ ಸಭಾಭವನದಲ್ಲಿ ಊರ ಕಾವಲು ಬಳಗ ಸೇರಿತ್ತು. ಪೊಲೀಸ್ ಎಟ್ಸಿಟ್ಟಿಯನ್ನು ಎಲ್ಲರೂ ತರಾಟೆಗೆ ತೆಗೆದುಕೊಂಡರು. ನೀನು ಕಾಣೆಯಾದ ಮಧ್ಯಾಹ್ನ ಡೆರಿಕ್ ನಮ್ಮ ಮನೆ ಬಾಗಿಲು ಒದೆಯುತ್ತಿದ್ದಾನೆಂದು ನೀನು ಪೊಲೀಸರಿಗೆ ಫೋನ್ ಮಾಡಿದೆಯಲ್ಲ, ನಮ್ಮ ಮನೆಗಳಿಗೆ ನಂಬರೆಲ್ಲಿದೆ, ಎಲ್ಲರೂ ಹೇಳುವ ಹಾಗೆಯೇ ನೀನೂ ದಾರಿ ಹೇಳಿದ್ದೆ: ಗಾಳಿಯಂತ್ರ ದಾಟಿ, ಗುರುತಿಗಿಟ್ಟ ಬಿಳಿ ಟೈರಿನ ಹತ್ತಿರ ಎಡಕ್ಕೆ.

"ಮೂರು ಸಲ ಹೋಗಿ ಬಂದೆ ಅಮ್ಮಾ, ತಿರುವೇ ಸಿಗ್ಲಿಲ್ಲ," ಅಂದ ಎಟ್ಸಿಟ್ಟಿ.

ಬಳಗದ ಮುಖ್ಯಸ್ಥೆ ನಾನು. ಕಣ್ಣು ಎಲ್ಲಿಟ್ಟುಕೊಂಡಿದ್ದೆ ಎಂದು ಎಲ್ಲರಿಗಿಂತ ಜೋರಾಗಿ ನಾನೇ ಬೈದೆ. ಅವನು ಟೋಪಿ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದ. ಅವನನ್ನು ಕೆಲಸದಿಂದ ತೆಗೆಯಬೇಕೆಂಬ ಅರ್ಜಿಗೆ ಮೊದಲ ಸಹಿ ನನ್ನದೇ.

ಎಲ್ಲಿದ್ದರೂ ಬೆಚ್ಚಗಿರು ಮಗಳೇ. ದಿನಾ ಬೆಳಗ್ಗೆ ಮೂಡಣಕ್ಕೆ ಮುಖ ಮಾಡಿ ಮೆಕ್ಕೆಜೋಳದ ಪರಾಗ ಚೆಲ್ಲಿ, ನಿನಗೆ ಏನೂ ಆಗದಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ.

ನಿನ್ನ ಚಿಕ್ಕಮ್ಮ,
ವರ್ನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಕದ್ದು ಸಾರಾಯಿ ಮಾರುವವರು ಬಾಟಲಿ ಬಚ್ಚಿಡಬಾರದೆಂದು ಹೋದ ತಿಂಗಳು ಬಳಗದಿಂದ ರಸ್ತೆಬದಿಯ ಕಸ ಎತ್ತಿದೆವಲ್ಲ, ಆ ಬಿಳಿ ಟೈರನ್ನು ಕಸದ ಟ್ರಕ್ಕಿಗೆ ಹಾಕಿದವಳು ನಾನು. ನನ್ನ ಮನೆಗೆ ಹೋಗಲು ನನಗೆ ಅದು ಬೇಕಿರಲಿಲ್ಲ, ಬೇರೆಯವರಿಗೆ ಬೇಕಾದೀತೆಂದು ಹೊಳೆಯಲೇ ಇಲ್ಲ. ಈಗ ಅದು ಸಭಾಭವನದ ಹಿಂದಿನ ರಾಶಿಯಲ್ಲಿದೆ. ತಂದು ಮತ್ತೆ ತಿರುವಿನಲ್ಲಿಟ್ಟರೆ ಎಲ್ಲರಿಗೂ ತಿಳಿಯುತ್ತದೆಂದು ಇಡದೆ ಕೂತಿದ್ದೇನೆ. ನೀನು ಬಾ, ಡೆಜ್‌ಬಾ. ಬಂದು ಎಲ್ಲರ ಮುಂದೆ ನನ್ನ ಹೆಸರು ಹೇಳು.