ಕಾಳಿನ ಪೆಟ್ಟಿಗೆಯ ಚಿಲಕ

ಭಾನುವಾರ, ಬೆಳಗ್ಗೆ ಹತ್ತು ಗಂಟೆ

ಕಾಳಿನ ಪೆಟ್ಟಿಗೆಯ ಮೇಲೆ ಕೂತು ಬೆಳೆದ ನನ್ನ ಗುಬ್ಬಚ್ಚಿಗೆ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಅಷ್ಟು ಚಿಕ್ಕ ಪತ್ರವನ್ನು ನಾನು ಇಷ್ಟು ಸಲ ಓದಿದ್ದು ಇದೇ ಮೊದಲು. ನಿಮ್ಮ ಬೀದಿಗೆ ಹಾಲು ತರುವ ಮುದುಕ ಗಾಡಿ ಬಿಟ್ಟು ವ್ಯಾನು ಕೊಂಡನಂತೆ. ಅವನ ಕಂದು ಹೆಣ್ಣುಕುದುರೆಯನ್ನು ಯಾರಾದರೂ ಒಳ್ಳೆಯವರು ಇಟ್ಟುಕೊಂಡರೆ ಸಾಕು ಎನ್ನುತ್ತಾನಂತೆ. ಬೇಕರಿಯ ಹಿಂದಿನ ಶೆಡ್ಡು ಖಾಲಿ ಇದೆಯಂತೆ, ಅಳಿಯಂದಿರು ಆಗಲೇ ಹೂಂ ಅಂದುಬಿಟ್ಟಿದ್ದಾರಂತೆ. ಕುದುರೆ ಸಾಕಲು ಮನೆಯಲ್ಲಿ ಏನೇನು ಇರಬೇಕು, ಒಂದು ಪಟ್ಟಿ ಮಾಡಿ ಕಳಿಸು ಎಂದು ಕೇಳಿದ್ದೀಯ. ಆಮೇಲೆ ಬೇರೆ ಪೆನ್ನಿನಲ್ಲಿ ಇನ್ನೊಂದು ಸಾಲು ಸೇರಿಸಿದ್ದೀಯ: "ನಮ್ಮ ಬೂದಿಗೆ ಹಾಗಾದ ಮೇಲೆ ನನ್ನ ಕೈಗೆ ಇನ್ನೊಂದು ಕುದುರೆ ಕೊಡಬಹುದಾ ಅಮ್ಮ? ನೀನು ಬೇಡ ಅಂದ್ರೆ ಬೇಡ ಅಂತ ಹೇಳಿಬಿಡ್ತೀನಿ, ಪರವಾಗಿಲ್ಲ."

ಪಟ್ಟಿ ಸುಲಭ, ಅದನ್ನು ಮೊದಲು ಬರೆಯುತ್ತೇನೆ. ಕೊನೆಯ ಸಾಲಿಗೆ ಉತ್ತರ ಬರೆಯದೆ ಲಕೋಟೆ ಅಂಟಿಸುವುದಿಲ್ಲ, ಹೆದರಬೇಡ.

ಹಳೆಯ ತಗಡಿನ ಟ್ರಂಕನ್ನು ಅಟ್ಟದಿಂದ ಇಳಿಸಿ ತುಂಬಿಸುತ್ತಿದ್ದೇನೆ. ಎಲ್ಲಕ್ಕಿಂತ ಮೊದಲು ಗೊರಸು ಕೆರೆಯುವ ಕೊಕ್ಕೆ. ಎರಡು ಇಟ್ಟಿದ್ದೇನೆ, ಯಾಕೆಂದರೆ ಒಂದು ಯಾವಾಗಲೂ ಹುಲ್ಲಿನಲ್ಲಿ ಅಡಗಿ ಕೂತಿರುತ್ತದೆ. ಹಿಡಿಗೆ ಕೆಂಪು ಬಣ್ಣ ಬಳಿದಿದ್ದೇನೆ. ದಿನವೂ ನಾಲ್ಕು ಕಾಲನ್ನೂ ಎತ್ತಿ ನೋಡಬೇಕು. ಹಿಮ್ಮಡಿಯಿಂದ ತುದಿಯ ಕಡೆಗೆ ಕೆರೆ, ನಡುವಿನ ಮೆತ್ತನೆಯ ಭಾಗಕ್ಕೆ ಕೊಕ್ಕೆ ತಾಗಿಸಬೇಡ. ಕೆಟ್ಟ ವಾಸನೆ ಬಂದರೆ ಶೆಡ್ಡಿನ ನೆಲ ಒದ್ದೆಯಾಗಿದೆ ಎಂದು ತಿಳಿ. ಕಾಲೆತ್ತಿ ಹಿಡಿದರೆ ಸಾಕು, ಕುದುರೆ ತನ್ನ ಭಾರವನ್ನೆಲ್ಲ ನಿನ್ನ ಮೇಲೆ ಹಾಕಿ ಆರಾಮಾಗಿ ನಿಲ್ಲಲು ನೋಡುತ್ತದೆ. ಮದುವೆಯಾದ ಹೊಸತರಲ್ಲಿ ನಿಮ್ಮಪ್ಪನೂ ಹಾಗೆಯೇ ಇದ್ದರು. ಮೊಣಕೈಯಿಂದ ಒಂದು ಸಲ ತಿವಿದರೆ ಇಬ್ಬರಿಗೂ ಅರ್ಥವಾಗುತ್ತದೆ.

ಮೈ ಉಜ್ಜಲು ಎರಡು ಬ್ರಷ್ಷು. ರಬ್ಬರಿನ ಹಲ್ಲಿನದು ಕೆಸರು ಮತ್ತು ಉದುರು ಕೂದಲಿಗೆ, ಮೆತ್ತನೆಯದು ಮುಖಕ್ಕೆ. ಮಾಲೀಸು ಬರೀ ಅಂದಕ್ಕಲ್ಲ. ದಿನವೂ ಕೈಯಾಡಿಸಿದರೆ ನಿನ್ನೆ ಇಲ್ಲದ ಗಾಯ, ಬಾವು, ಬಿಸಿ ಇವತ್ತು ಕೈಗೆ ಗೊತ್ತಾಗುತ್ತದೆ. ಹತ್ತಿರ ಹೋಗುವಾಗ ಏನಾದರೂ ಮಾತಾಡುತ್ತಾ ಹೋಗು. ಹಿಂದಿನಿಂದ ದಾಟಬೇಕಾದರೆ ಸೊಂಟದ ಮೇಲೆ ಅಂಗೈ ಇಟ್ಟುಕೊಂಡೇ ದಾಟು. ಕಟ್ಟುವಾಗ ಹಗ್ಗವನ್ನು ನೇರವಾಗಿ ಗೋಡೆಯ ಕಬ್ಬಿಣದ ಬಳೆಗೆ ಕಟ್ಟಬೇಡ. ಬಳೆಗೆ ಒಂದು ತೆಳು ಹುರಿ ಕಟ್ಟಿ, ಆ ಹುರಿಗೆ ಹಗ್ಗ ಕಟ್ಟು. ಕುದುರೆ ಬೆದರಿ ಎಳೆದರೆ ಹುರಿ ಹರಿಯಲಿ, ಅದರ ಕತ್ತು ಉಳಿಯಲಿ. ಹುರಿಯ ಉಂಡೆ ಟ್ರಂಕಿನ ಎಡಮೂಲೆಯಲ್ಲಿದೆ.

ಹಾಲಿನವನ ಕುದುರೆಗೆ ಹದಿನಾರು ವರ್ಷವಾಗಿದೆ ಎಂದು ಬರೆದಿದ್ದೀಯ, ಇಷ್ಟು ದಿನ ಗಾಡಿ ಎಳೆದಿದ್ದಾಳೆ. ಅಳಿಯಂದಿರಿಗೆ ಹೇಳು, ಕುದುರೆ ಕಂಡರೆ ಕಾಲುನೋವು ಎಂಬ ಹಾಗೆ ಮೂಲೆಯ ಅಂಗಡಿಗೂ ಅವಳ ಬೆನ್ನೇರಿ ಹೊರಡಬಾರದು. ಇನ್ನೊಂದು ಮಾತನ್ನೂ ಅವರಿಗೆ ನಾಜೂಕಾಗಿ ಹೇಳು. ಉಳಿದ ಬ್ರೆಡ್ಡು, ಬನ್ನು ಯಾವುದನ್ನೂ ಪ್ರೀತಿಯಿಂದ ಅವಳ ಬಾಯಿಗೆ ಇಡಬಾರದು. ಕಲಸಿದ ಹಿಟ್ಟಂತೂ ಅವಳ ಮೂತಿಗೆ ಸಿಗಲೇಬಾರದು, ಹೊಟ್ಟೆಯೊಳಗೆ ಹೋಗಿ ಉಬ್ಬುತ್ತದೆ. ಬೇಕರಿಯ ಹಿಂಬಾಗಿಲಿಗೆ ಅವಳಿಗೆ ತೆರೆಯಲು ಬಾರದಂಥ ಅಗುಳಿ ಹಾಕಿಸಲಿ.

ನೀರಿಗೆ ಎರಡು ಬಕೆಟ್ಟು, ಯಾವಾಗಲೂ ತುಂಬಿರಬೇಕು. ನೆಕ್ಕಲು ಉಪ್ಪಿನ ಗಡ್ಡೆ ಒಂದು. ಉಪ್ಪು ತಿಂದವರು ನೀರು ಕುಡಿಯಲೇಬೇಕು, ಕುಡಿಯದಿದ್ದರೆ ಏನೋ ಸರಿಯಿಲ್ಲ. ಸಂಜೆ ಬಕೆಟ್ಟು ಎಷ್ಟು ಇಳಿದಿದೆ ಎಂದು ನೋಡದೆ ಮನೆಯೊಳಗೆ ಹೋಗಬೇಡ. ಹುಲ್ಲು ಮೊದಲು, ಕಾಳು ಆಮೇಲೆ. ಯಾವ ಹೊಸ ಮೇವನ್ನಾದರೂ ಹಿಡಿಹಿಡಿಯಾಗಿ ವಾರ ಪೂರ್ತಿ ಅಭ್ಯಾಸ ಮಾಡಿಸು. ಹಾಲಿನವನನ್ನು ಕೇಳಿ, ಅವಳು ಈಗ ತಿನ್ನುತ್ತಿರುವ ಹುಲ್ಲನ್ನೇ ಎರಡು ಕಟ್ಟು ತರಿಸಿಕೋ.

ಹಳದಿ ಡಬ್ಬಿಯಲ್ಲಿ ಔಷಧದ ಸಾಮಾನು ಇದೆ. ಹತ್ತಿ, ಅಗಲದ ಬ್ಯಾಂಡೇಜು, ಮೊಂಡು ತುದಿಯ ಕತ್ತರಿ, ಟಾರ್ಚು, ಜ್ವರ ನೋಡುವ ಕಡ್ಡಿ. ಕಡ್ಡಿಗೆ ದಾರ ಕಟ್ಟಿದ್ದೇನೆ, ಯಾಕೆ ಎಂದು ನಿನಗೆ ನೆನಪಿರಬೇಕು. ಆ ದಿನ ಪಶುವೈದ್ಯರು ಕುದುರೆಯ ಬಾಲದ ಕೆಳಗೆ ಇಟ್ಟ ಕಡ್ಡಿ ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದರೆ ನೀನು ನಕ್ಕು ನಕ್ಕು ಹುಲ್ಲಿನ ಮೇಲೆ ಹೊರಳಾಡಿದ್ದೆ. ಈಗಿನ ನಿಮ್ಮ ಪಶುವೈದ್ಯರ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆ, ಕಾಗದದಲ್ಲಲ್ಲ. ಕಾಗದವನ್ನು ಕುದುರೆ ತಿನ್ನುತ್ತದೆ. ದಿನಕ್ಕೊಮ್ಮೆ ಹೊಟ್ಟೆಯ ಪಕ್ಕಕ್ಕೆ ಕಿವಿ ಇಟ್ಟು ಕೇಳು. ಗುಡುಗುಡು ಸದ್ದಿದ್ದರೆ ಕ್ಷೇಮ. ಸದ್ದಿಲ್ಲದಿದ್ದರೆ, ಅವಳು ಹೊಟ್ಟೆಯ ಕಡೆಗೇ ತಿರುತಿರುಗಿ ನೋಡುತ್ತಿದ್ದರೆ, ಲದ್ದಿ ಬೀಳದಿದ್ದರೆ ಮೇವು ತೆಗೆದು ಆ ಕ್ಷಣವೇ ಫೋನು ಮಾಡು. ಸಂಜೆವರೆಗೆ ನೋಡೋಣ ಎನ್ನಬೇಡ.

ಇನ್ನು ಕಾಳಿನ ಪೆಟ್ಟಿಗೆ. ಇಲ್ಲಿಗೆ ಬಂದು ನಾನು ಎದ್ದು ಹೋಗಿ ಒಲೆಯ ಮೇಲೆ ಇಲ್ಲದ ಹಾಲು ನೋಡಿಕೊಂಡು ಬಂದೆ.

ಪೆಟ್ಟಿಗೆ ತಗಡಿನದಾಗಿರಬೇಕು, ಭಾರದ ಮುಚ್ಚಳವಿರಬೇಕು, ಮುಚ್ಚಳಕ್ಕೆ ಒಂದು ಚಿಲಕ ಮತ್ತು ಪೆಟ್ಟಿಗೆ ಇಡುವ ಕೋಣೆಯ ಬಾಗಿಲಿಗೆ ಇನ್ನೊಂದು. ಕುದುರೆಗೆ ಸಾಕು ಎನ್ನುವುದು ಗೊತ್ತಿಲ್ಲ. ವಾಂತಿ ಮಾಡಿಕೊಳ್ಳಲೂ ಬರುವುದಿಲ್ಲ. ಒಳಗೆ ಹೋದದ್ದು ಒಳಗೇ ಇದ್ದು ಕೊಲ್ಲುತ್ತದೆ. ಇದು ನಿನಗೆ ಹದಿನಾಲ್ಕನೇ ವಯಸ್ಸಿಗೇ ಗೊತ್ತಾಯಿತು. ನಿಮ್ಮಪ್ಪ ಮರಿಯಿಂದ ಸಾಕಿದ ಬೂದಿ ತನ್ನ ಬಾಗಿಲ ಅಗುಳಿಯನ್ನು ತುಟಿಯಲ್ಲೇ ಸರಿಸಿ ಹೊರಗೆ ಬಂದು, ತೆರೆದಿದ್ದ ಪೆಟ್ಟಿಗೆಗೆ ಮುಖವಿಟ್ಟು ನಿಂತಿದ್ದನ್ನು ಬೆಳಗ್ಗೆ ಮೊದಲು ನೋಡಿದವಳೇ ನೀನು. ಮೂರನೆಯ ದಿನ ಮಧ್ಯಾಹ್ನ ಅದು ಹೋಯಿತು.

ನಮ್ಮ ಲಾಯದ ಸ್ಲೇಟು ನೆನಪಿದೆಯಲ್ಲ? ಪೆಟ್ಟಿಗೆಯನ್ನು ಯಾರು ಮುಚ್ಚಿದರೂ ತಮ್ಮ ಗುರುತು ಹಾಕಿ ಪಕ್ಕದಲ್ಲಿ ಗಂಟೆ ಬರೆಯಬೇಕು. ಅಪ್ಪನದು ಲಾಳ, ನನ್ನದು ಬಕೆಟ್ಟಿನ ಬಾಯಿಯ ಹಾಗೆ ಒಂದು ಸೊನ್ನೆ, ನಿನ್ನದು ಗುಬ್ಬಿಯ ಕೊಕ್ಕು. ಆ ನಿಯಮ ಮಾಡಿದ್ದು ನಾನು. ಮರೆತವರಿಗೆ ಬೈಯುತ್ತಿದ್ದವಳೂ ನಾನು. ಲಾಳ ಹೊಡೆಸಲು ಬಂದ ಗಿರಾಕಿಗಳಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ. ಅವತ್ತು ಬೆಳಗ್ಗೆ ನಿಮ್ಮಪ್ಪ ಸ್ಲೇಟು ನೋಡಿದರು. ಕೊನೆಯ ಗುರುತು ನಿನ್ನ ಕೊಕ್ಕು, ಹಿಂದಿನ ಸಂಜೆ ಆರು ಗಂಟೆ ಐದು ನಿಮಿಷ. "ಇವಳ ಕೈಗೆ ಇನ್ಮೇಲೆ ಒಂದು ಕೋಳೀನೂ ಕೊಡಬಾರದು" ಅಂದರು. ಸಿಟ್ಟಿನಲ್ಲಿ ಕೂಗಿದ್ದರೆ ಮರೆತುಹೋಗುತ್ತಿತ್ತೇನೋ. ಮೆಲ್ಲಗೆ ಅಂದರು. ಮರುದಿನ ಸ್ಲೇಟು ಗೋಡೆಯ ಮೇಲಿರಲಿಲ್ಲ. ಒಡೆದರೋ ಎಸೆದರೋ ನಾನು ಕೇಳಲಿಲ್ಲ.

ಗುಬ್ಬಚ್ಚಿ, ನೀನು ಚಿಲಕ ಹಾಕಿದ್ದೆ. ಸರಿಯಾಗಿಯೇ ಹಾಕಿದ್ದೆ. ನಾನು ಅದನ್ನು ತೆಗೆದೆ.

ಕಾಲುನೋವಿನ ಕುದುರೆಯೊಂದು ನಮ್ಮಲ್ಲಿ ಉಳಿದಿತ್ತಲ್ಲ, ಅದಕ್ಕೆ ಮೇವು ಕಲಸಿ ಇಡೋಣವೆಂದು ನೀನು ಬಂದ ಮೇಲೆ ನಾನು ಒಳಗೆ ಹೋದೆ. ಮುಚ್ಚಳ ತೆಗೆದು ಕಾಳು, ಬೂಸಾ ತುಂಬಿಕೊಂಡೆ. ಎರಡು ಕೈಯಲ್ಲೂ ಬಕೆಟ್ಟು. ಹೇಗೂ ಈಗ ವಾಪಸು ಬರುತ್ತೇನಲ್ಲ ಎಂದು ಮುಚ್ಚಳವನ್ನು ತೆರೆದೇ ಬಿಟ್ಟು, ಬಾಗಿಲನ್ನು ಹಿಮ್ಮಡಿಯಲ್ಲಿ ತಳ್ಳಿ ಬಂದೆ. ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ ಗಾಡಿಯವನು ಕರೆದ. ಮಾತಿಗೆ ನಿಂತೆ, ಮರೆತೆ. ಸೊನ್ನೆಯನ್ನೂ ಹಾಕಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಎಷ್ಟೋ ದಿನ ಹಾಕುತ್ತಿರಲಿಲ್ಲ. ಮರೆಯುವವರಿಗಾಗಿ ಇರುವ ನಿಯಮ, ನನಗೇಕೆ ಎಂಬ ಜಂಬ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಬೆಳಗ್ಗೆ ಬೂದಿಯನ್ನು ನೋಡಿದ ಕೂಡಲೇ ನನಗೆ ಎಲ್ಲ ನೆನಪಾಯಿತು. ಹೇಳಬೇಕೆಂದು ಬಾಯಿ ತೆರೆಯುವ ಹೊತ್ತಿಗೆ ನೀನೇ ಅಳುತ್ತಾ, "ನಾನೇ ಸರಿಯಾಗಿ ಹಾಕಿರ್ಲಿಲ್ಲ ಅನ್ಸುತ್ತೆ" ಅಂದುಬಿಟ್ಟೆ. ನಾನು ಸೆರಗಿನಿಂದ ನಿನ್ನ ಕಣ್ಣು ಒರೆಸಿದೆ. ಅಷ್ಟೇ ಮಾಡಿದೆ. ಮೊದಲು ನಿಮ್ಮಪ್ಪನ ಭಯವಿತ್ತು. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಭಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರಾದರೂ ಚಿಲಕ ಎಂದರೂ ಸಾಕು, ನಾನು ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದೆ. ಬೂದಿಯ ಹೊಟ್ಟೆಯಲ್ಲಿ ಕಾಳು ಮೂರು ದಿನ ಇತ್ತು. ನನ್ನ ಹೊಟ್ಟೆಯಲ್ಲಿ ಈ ಮಾತು ಹದಿನೆಂಟು ವರ್ಷ ಇದ್ದುಬಿಟ್ಟಿತು.

ನೀನು ವರ್ಷಕ್ಕೆರಡು ಸಲ ಬರುತ್ತೀಯ, ಅಡುಗೆಮನೆಯಲ್ಲಿ ಲಾಯದ ಕಡೆಗೆ ಬೆನ್ನು ಹಾಕಿ ಕೂರುತ್ತೀಯ. ಮನೆಗೆ ಹೊರಟವಳು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ಗ್ಯಾಸು ಆರಿಸಿದ್ದೇನಾ ನೋಡಮ್ಮ ಅನ್ನುತ್ತೀಯ. ಅಳಿಯಂದಿರು ನಗುತ್ತಾರೆ, ನೀನು ಬೇಕರಿಯ ಬೀಗವನ್ನು ಮೂರು ಸಲ ಎಳೆದು ನೋಡುತ್ತೀಯಂತೆ. ಅದನ್ನು ನಿನಗೆ ಅಂಟಿಸಿದವಳು ನಾನು. ನನ್ನನ್ನು ಕ್ಷಮಿಸು ಎಂದು ಕೇಳುತ್ತಿದ್ದೇನೆ, ಆದರೆ ಬೇಗ ಕ್ಷಮಿಸಬೇಡ. ನೀನು ಎಲ್ಲದಕ್ಕೂ ಪರವಾಗಿಲ್ಲ ಅನ್ನುವವಳು. ಇದಕ್ಕೆ ಅನ್ನಬೇಡ. ಸಿಟ್ಟು ಬಂದರೆ ಬರಲಿ, ಬರೆದು ಕಳಿಸು, ಓದುತ್ತೇನೆ.

ನಿನ್ನ ಕೊನೆಯ ಸಾಲಿಗೆ ನನ್ನ ಉತ್ತರ ಇದು. ನಿನ್ನ ಕೈಗೆ ಕುದುರೆ ಕೊಡಬಹುದು. ಅವತ್ತು ನಮ್ಮಿಬ್ಬರಲ್ಲಿ ನಿಯಮ ಪಾಲಿಸಿದವಳು ನೀನೇ. ಹಾಲಿನವನಿಗೆ ಹೂಂ ಅನ್ನು.

ಈ ಪತ್ರವನ್ನು ಅಂಚೆಗೆ ಹಾಕುವ ಮೊದಲು ನಿಮ್ಮಪ್ಪನ ಕೈಗೆ ಕೊಡುತ್ತೇನೆ. ಅವರಿಗೆ ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಇವತ್ತೂ ಇಲ್ಲ. ಬರೆದದ್ದನ್ನು ಕೊಡುವಷ್ಟು ಇದೆ.

ಇಷ್ಟು ವರ್ಷ ನಿನ್ನ ಗುರುತಿನ ಹಿಂದೆ ಅಡಗಿ ಕೂತಿದ್ದ,
ನಿನ್ನ ಅಮ್ಮ

ತಾ.ಕ.: ಈಗ ಮಧ್ಯಾಹ್ನ ಮೂರು ಗಂಟೆ. ನಿಮ್ಮಪ್ಪ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು ಎರಡು ಸಲ ಓದಿದರು. ಎದ್ದು ಲಾಯಕ್ಕೆ ಹೋದರು. ಇನ್ನು ನನ್ನ ಜೊತೆ ಮಾತಿಲ್ಲ ಎಂದುಕೊಂಡು ತಟ್ಟೆ ಮುಚ್ಚಿಟ್ಟೆ. ಬಂದಾಗ ಕೈಯಲ್ಲಿ ಆ ಸ್ಲೇಟು ಇತ್ತು. ಇಷ್ಟು ವರ್ಷ ಹಳೆಯ ಜೀನುಗಳ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟಿದ್ದರಂತೆ. ನಿನ್ನ ಕೊಕ್ಕು ಮಸುಕಾಗಿದೆ, ಆದರೆ ಇದೆ. ಅದನ್ನು ನನ್ನ ಮುಂದಿಟ್ಟು ಬಳಪ ಕೊಟ್ಟರು. ಕೊಕ್ಕಿನ ಕೆಳಗೆ ನಾನು ಸೊನ್ನೆ ಬರೆದೆ. "ಎಷ್ಟು ಗಂಟೆ?" ಎಂದು ಕೇಳಿದರು. ಆರೂಮುಕ್ಕಾಲು ಅಂದೆ. ಸೊನ್ನೆಯ ಪಕ್ಕದಲ್ಲಿ ಅವರೇ ಗಂಟೆ ಬರೆದರು. ಆಮೇಲೆ ಕೂತು ಟ್ರಂಕಿಗೆ ಸುತ್ತಿಗೆ, ಇಕ್ಕಳ, ಲಾಳದ ಮೊಳೆ ಎಲ್ಲ ತುಂಬಿಸಿದರು. ಗುರುವಾರದ ಬಸ್ಸಿಗೆ ಟ್ರಂಕಿನ ಜೊತೆ ಅವರೇ ಬರುತ್ತಾರಂತೆ, ಆ ಕುದುರೆಗೆ ಲಾಳ ಬೇರೆ ಯಾರೂ ಹೊಡೆಯಬಾರದಂತೆ. ನಿನಗೆ ಏನೋ ಹೇಳಬೇಕೆಂದು ಆಗಿನಿಂದ ಒಬ್ಬರೇ ಗೊಣಗಿಕೊಂಡು ಅಭ್ಯಾಸ ಮಾಡುತ್ತಿದ್ದಾರೆ. ಅವರಿಗೆ ತುಂಬ ಹೊತ್ತು ಹಿಡಿಯುತ್ತದೆ. ಪೂರ್ತಿ ಹೇಳಿ ಮುಗಿಸುವವರೆಗೆ "ಪರವಾಗಿಲ್ಲ ಅಪ್ಪ" ಅಂದುಬಿಡಬೇಡ.